ಹೋಳಿಗಿ ಯಾತರ ಜೋಡಿ?

ಕೇಳುಗರಿಗೆ ನಮಸ್ಕಾರ.

ನಾನು ಮೊದಲ ಸಲ ಹೋಳಿಗೆ ಮಾಡಿದ್ದು ಹುಬ್ಬಳ್ಳಿಯ ಒಂದು ಬಾಡಿಗೆ ರೂಮಿನಲ್ಲಿ, ಹೋಳಿ ಹುಣ್ಣಿಮೆಯ ದಿನ. ಊರು ಗದಗಿನ ಹತ್ತಿರ, ಬಸ್ಸಿಗೆ ಕೂತರೆ ಎರಡು ತಾಸಿನ ಹಾದಿ, ಆದರೆ ಆ ವರ್ಷ ರಜೆ ಸಿಗಲಿಲ್ಲ. ಕಡಲೆ ಬೇಳೆ ಕುದಿಸಿದೆ. ನೀರು ಬಸಿದೆ. ಬಸಿದ ನೀರನ್ನು ಸೀದಾ ಬಚ್ಚಲಿಗೆ ಸುರಿದೆ. ಬೆಲ್ಲ ಹಾಕಿ ಹೂರಣ ತಿರುವುವಷ್ಟರಲ್ಲಿ ಅವ್ವನ ಫೋನ್ ಬಂತು.

"ಕಟ್ಟ ಎಲ್ಲಿಟ್ಟಿ?" ಅಂದಳು.

"ಚೆಲ್ಲಿದೆ" ಅಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ, "ಹಂಗಾದ್ರ ಹೋಳಿಗಿ ಯಾತರ ಜೋಡಿ ಉಣ್ಣಾಂವ ನೀ?" ಅಂದಳು.

ಈ 'ಜೋಡಿ' ಅನ್ನೋ ಮಾತು ನೋಡಿ. ಬೇರೆ ಕಡೆ ಜೋಡಿ ಅಂದರೆ ಎತ್ತಿನ ಜೋಡಿ, ಚಪ್ಪಲಿ ಜೋಡಿ, ಗಂಡ ಹೆಂಡತಿ ಜೋಡಿ. ನಮ್ಮ ಕಡೆ ಅದಕ್ಕೆ 'ಜೊತೆಗೆ' ಅನ್ನೋ ಅರ್ಥವೂ ಇದೆ. ಓಣಿಯಲ್ಲಿ ಎದುರಾದವರು ಏನು ಉಂಡಿರಿ ಅಂತ ಕೇಳೋದು ಕಡಿಮೆ. ರೊಟ್ಟಿ ಉಂಡಿರುತ್ತೀರಿ ಅನ್ನೋದು ಗೊತ್ತೇ ಇದೆ ಅಲ್ವಾ. ರೊಟ್ಟಿ ಜೋಡಿ ಏನು ಮಾಡಿದ್ದಿರಿ, ಹಚ್ಚಿಕೊಳ್ಳೋಕೆ ಏನಿತ್ತು, ಅದು ಪ್ರಶ್ನೆ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿದ್ದು ಆ ಹಚ್ಚಿಕೊಳ್ಳೋದರ ಬಗ್ಗೆ, ಅದರಲ್ಲೂ ಹೊರಗಿನವರು ನೋಡಿ ಹುಬ್ಬು ಏರಿಸುವಂಥ ಜೋಡಿಗಳ ಬಗ್ಗೆ.

ಮೊದಲು ಆ ಕಟ್ಟು. ಬೇಳೆ ಬಸಿದ ನೀರಿಗೇ ಕಟ್ಟು ಅನ್ನೋದು. ಬೇಳೆಯ ಅರ್ಧ ರುಚಿ ಅದರೊಳಗೇ ಇಳಿದಿರುತ್ತದೆ. ಅದಕ್ಕೆ ಹುಣಸೆ ರಸ, ಹುರಿದ ಒಣಕೊಬ್ಬರಿ, ಲವಂಗ ದಾಲ್ಚಿನ್ನಿ ಬಿದ್ದ ಮಸಾಲೆ ಖಾರ, ಮೇಲೆ ಒಂದು ಸಣ್ಣ ಉಂಡೆ ಹೂರಣ. ಹೂರಣ ಮರೆತರೆ ಸಾರು ಬರೀ ಹುಳಿ ಖಾರ ಆಗಿ ಗಂಟಲು ಕೆರೆಯುತ್ತದೆ. ಚೆನ್ನಾಗಿ ಕುದಿಸಿ, ಬೆಳ್ಳುಳ್ಳಿ ಕರಿಬೇವಿನ ಒಗ್ಗರಣೆ ಕೊಟ್ಟರೆ ಕಟ್ಟಿನ ಸಾರು. ತಾಟಿನಲ್ಲಿ ಹೋಳಿಗೆ, ಅದರ ಮೇಲೆ ತುಪ್ಪ, ಪಕ್ಕದ ಬಟ್ಟಲಲ್ಲಿ ಈ ಸಾರು. ನಮ್ಮಪ್ಪ ಹೋಳಿಗೆಯನ್ನೇ ಸಾರಿನಲ್ಲಿ ಅದ್ದಿ ತಿನ್ನುತ್ತಿದ್ದ. ನನ್ನ ಜೊತೆ ಕೆಲಸ ಮಾಡುವ ಮಂಗಳೂರಿನ ಗೆಳೆಯನೊಬ್ಬ ಮನೆಗೆ ಬಂದಾಗ ಅದನ್ನು ನೋಡಿ ಗಾಬರಿಯಾಗಿದ್ದ. ಸಿಹಿಯನ್ನು ಖಾರದಲ್ಲಿ ಅದ್ದೋದಾ? ಅದ್ದಬೇಕು. ಹೋಳಿಗೆ ಒಂದೇ ತಿನ್ನುತ್ತಾ ಹೋದರೆ ಎರಡನೆಯದಕ್ಕೇ ನಾಲಿಗೆ ಸೋಲುತ್ತದೆ. ನಡುವೆ ಒಂದು ಗುಟುಕು ಸಾರು ಕುಡಿದರೆ ನಾಲ್ಕನೆಯದಕ್ಕೂ ಜಾಗ ಇರುತ್ತದೆ. ಗೆಳೆಯ ಐದು ತಿಂದ. ಸಾರು ಮೂರು ಸಲ ಹಾಕಿಸಿಕೊಂಡ.

ಹಾಗಂತ ಹಾಲು ತುಪ್ಪದ ಜೊತೆ ಉಣ್ಣುವವರು ಇಲ್ಲ ಅಂತಲ್ಲ. ಮಾವಿನ ಹಣ್ಣಿನ ಕಾಲದಲ್ಲಿ ಸೀಕರಣೆ ಜೊತೆಗೂ ಉಣ್ಣುತ್ತಾರೆ. ಅದು ನನಗೆ ಅಷ್ಟಕ್ಕಷ್ಟೇ, ಸಿಹಿಯ ಮೇಲೆ ಸಿಹಿ.

ಈಗ ರೊಟ್ಟಿಗೆ ಬರೋಣ. ಗೋಧಿ ಹಿಟ್ಟಿಗೆ ಇರುವ ಜಿಗುಟು ಜೋಳದ ಹಿಟ್ಟಿಗೆ ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದಬೇಕು, ಅಂಗೈಯಲ್ಲಿ ಬಡಿಯಬೇಕು. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಬಿಸಿ ಇದ್ದಾಗ ಮೆತ್ತಗೆ, ಒಣಗಿಸಿಟ್ಟರೆ ಖಡಕ್. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಆದರೆ ಒಣ ರೊಟ್ಟಿ ಗಂಟಲಲ್ಲಿ ಇಳಿಯಬೇಕಾದರೆ ಒಂದಿಷ್ಟು ಹಸಿ, ಒಂದಿಷ್ಟು ಜಿಡ್ಡು ಬೇಕೇ ಬೇಕು. ಎಣ್ಣೆ ತೇಲುವ ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರಿನಲ್ಲಿ ಕಲಸಿದ ಗುರೆಳ್ಳು ಚಟ್ನಿ, ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿ, ಇವು ಬಂದಿದ್ದೇ ಹಾಗೆ. ಉಳ್ಳಾಗಡ್ಡಿಯನ್ನು ಈಳಿಗೆಯಲ್ಲಿ ಹೆಚ್ಚಬಾರದು ಅನ್ನೋದು ನಮ್ಮಪ್ಪನ ಕಾನೂನು. ಮುಷ್ಟಿಯಿಂದ ಗುದ್ದಿದರೇ ಅದರ ರುಚಿಯಂತೆ.

ಹಸಿ ತಪ್ಪಲನ್ನು, ಅಂದರೆ ಸೊಪ್ಪನ್ನು, ರೊಟ್ಟಿ ಜೊತೆ ಹಾಗೇ ಕಡಿಯುವುದೂ ಹೊರಗಿನವರಿಗೆ ವಿಚಿತ್ರ. ಮೆಂತೆ, ಹಕ್ಕರಕಿ, ಮೂಲಂಗಿ ತಪ್ಪಲ, ಯಾವುದನ್ನೂ ಬೇಯಿಸುವುದಿಲ್ಲ. ತೊಳೆದು ತಾಟಿನ ಅಂಚಿಗೆ ಇಟ್ಟರೆ ಮುಗಿಯಿತು. ಮೆಂತೆ ಕಹಿ ಅಲ್ವಾ ಅಂತ ಕೇಳುತ್ತಾರೆ. ಕಹಿಯೇ. ಶೇಂಗಾ ಚಟ್ನಿಯ ಖಾರ, ಮೊಸರಿನ ಹುಳಿ, ನಡುವೆ ಆ ಕಹಿ ಒಂದು ತುತ್ತಿನಲ್ಲಿ ಸೇರಿದಾಗ ಮಾತ್ರ ಗೊತ್ತಾಗುತ್ತದೆ.

ಇನ್ನೊಂದು ಮಾತು. ಈ ಜೋಡಿಗಳು ಅಡುಗೆ ಮನೆಯಲ್ಲಿ ಹುಟ್ಟಿದವಲ್ಲ, ಹೊಲದಲ್ಲೇ ಕೂಡಿಕೊಂಡವು. ನವಲಗುಂದ, ರೋಣ, ನರಗುಂದದ ಕಡೆ ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ಹಿಂಗಾರಿಯಲ್ಲಿ ಬಿಳಿ ಜೋಳ, ಅದರ ಅಂಚಿಗೆ ಕುಸುಬಿ. ಕುಸುಬಿ ಮುಳ್ಳಿನ ಗಿಡ, ದನ ಒಳಗೆ ನುಗ್ಗುವುದಿಲ್ಲ. ಬೇಲಿಗೆ ಬೇಲಿಯೂ ಆಯಿತು, ಎಣ್ಣೆಗೆ ಎಣ್ಣೆಯೂ ಆಯಿತು. ಎಳೆಯದಿದ್ದಾಗ ಚಿವುಟಿದರೆ ಪಲ್ಯವೂ ಆಯಿತು. ಪಕ್ಕದ ಕಡಲೆ ಹೊಲದಲ್ಲಿ ಕುಡಿ ಚಿವುಟಿದರೆ ಗಿಡ ಇನ್ನಷ್ಟು ಕವಲೊಡೆಯುತ್ತದೆ, ಮನೆಗೆ ಕಡ್ಲಿ ಪಲ್ಯ ಬರುತ್ತದೆ. ಕಡಲೆ ಎಲೆಗೆ ತನ್ನದೇ ಒಂದು ಹುಳಿ ಇದೆ. ಚಿವುಟಿದ ಬೆರಳು ನೆಕ್ಕಿ ನೋಡಿ ಬೇಕಾದರೆ. ಹಿಂದಿನವರು ರಾತ್ರಿ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ, ಮುಂಜಾನೆ ಇಬ್ಬನಿ ಸಮೇತ ಹಿಂಡಿ ಆ ಹುಳಿಯನ್ನು ತೆಗೆದಿಡುತ್ತಿದ್ದರು. ಅಂದರೆ ರೊಟ್ಟಿ, ಅದಕ್ಕೆ ಎಣ್ಣೆ, ಅದಕ್ಕೆ ಹುಳಿ ಪಲ್ಯ, ಎಲ್ಲ ಒಂದೇ ಹೊಲದ ಸುತ್ತಮುತ್ತ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ನೈವೇದ್ಯವನ್ನು ಹೊಲದಲ್ಲಿ ಎರಚಲು, ಹೋದಾಗ ಆ ಪೈರಿನ ನಡುವೆಯೇ ಕೂತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಉಣ್ಣುತ್ತೇವಲ್ಲ, ಆ ಊಟದ ರುಚಿ ಮನೆಯಲ್ಲಿ ಬರುವುದೇ ಇಲ್ಲ.

ಹಾವೇರಿ ಕಡೆಯವರು ಈಗ ನಮ್ಮ ಮೆಣಸಿನಕಾಯಿ ಎಲ್ಲಿ ಅಂತ ಕೇಳುತ್ತಿರಬಹುದು. ಬಂದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಗುಣ ಏನು ಅಂದರೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದಕ್ಕೇ ನಮ್ಮ ಅಡುಗೆ ನೋಡಲು ಬೆಂಕಿಯ ಹಾಗಿದ್ದರೂ ಉಣ್ಣುವಾಗ ಅಷ್ಟು ಸುಡುವುದಿಲ್ಲ. ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಉಪ್ಪು, ಹುಳಿ ಹಾಕಿ ಕುಟ್ಟಿದ ಕೆಂಪು ಚಟ್ನಿಯ ಮೇಲೆ ಒಂದು ಉಂಡೆ ಬೆಣ್ಣೆ ಇಟ್ಟು ಕೊಡುತ್ತಾರಲ್ಲ, ಅದು ಸುಮ್ನೆ ಅಲಂಕಾರಕ್ಕೆ ಅಲ್ಲ. ಮೆಣಸಿನಕಾಯಿಯ ಖಾರ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಎಷ್ಟು ಚೊಂಬು ನೀರು ಕುಡಿದರೂ ಇಳಿಯದ ಉರಿ ಒಂದು ಬೆರಳು ಬೆಣ್ಣೆಗೆ ಇಳಿಯುತ್ತದೆ. ಇದನ್ನು ನಮ್ಮ ಅಜ್ಜಿಯಂದಿರು ಯಾವ ಶಾಲೆಯಲ್ಲೂ ಕಲಿತಿರಲಿಲ್ಲ.

ಜೋಡಿ ಅಂದ ಮೇಲೆ ಗದಗ ಜಿಲ್ಲೆಯ ಡಂಬಳವನ್ನು ಬಿಡುವ ಹಾಗಿಲ್ಲ. ಅಲ್ಲಿ ತೋಂಟದಾರ್ಯ ಮಠದ ಜಾತ್ರೆಯಲ್ಲಿ ರೊಟ್ಟಿ ಜಾತ್ರೆ ಅಂತಲೇ ಒಂದು ನಡೆಯುತ್ತದೆ. ರೊಟ್ಟಿ ಜೋಡಿ ಕರಿಂಡಿ. ಅಗಸೆ ಬೀಜ, ಹಸಿಮೆಣಸಿನಕಾಯಿ ಎಲ್ಲ ಸೇರಿಸಿ ಕುಟ್ಟಿ, ಎರಡು ಮೂರು ದಿನ ಹುಳಿ ಬರಲು ಬಿಟ್ಟ ಚಟ್ನಿ ಅದು. ಮೂಗಿಗೆ ಬಡಿಯುವ ವಾಸನೆ. ಮೊದಲ ಸಲ ಬೇಡ ಅನ್ನಿಸುತ್ತದೆ. ಎರಡನೇ ಸಲ ನೀವೇ ಕೇಳಿ ಹಾಕಿಸಿಕೊಳ್ಳುತ್ತೀರಿ.

ಹುಬ್ಬಳ್ಳಿಯ ಸಂಜೆಯ ಗಿರ್ಮಿಟ್ ಮಿರ್ಚಿಯ ಬಗ್ಗೆ ಹೇಳಲು ಹೋದರೆ ಇನ್ನೊಂದು ಭಾಷಣ ಬೇಕು. ಚುರುಮುರಿಗೆ ಹುಣಸೆ, ಬೆಲ್ಲ, ಉಳ್ಳಾಗಡ್ಡಿಯ ಗೊಜ್ಜು ಕಲಸಿ ಮೇಲೆ ಪುಟಾಣಿ, ಅಂದರೆ ಹುರಿಗಡಲೆ, ಹಿಟ್ಟು ಉದುರಿಸುತ್ತಾರೆ, ನಡುನಡುವೆ ಬಿಸಿ ಮಿರ್ಚಿ ಭಜಿ ಕಡಿಯಬೇಕು. ಅಷ್ಟೇ ಹೇಳಿ ಬಿಡುತ್ತೇನೆ. ಈ ಹೊತ್ತಿನಲ್ಲಿ ಜಾಸ್ತಿ ಹೇಳಿದರೆ ನೀವು ರೇಡಿಯೋ ಬಂದ್ ಮಾಡಿ ಎದ್ದು ಹೋಗುತ್ತೀರಿ.

ನನಗೆ ಮಾತ್ರ ಎಲ್ಲಕ್ಕಿಂತ ಇಷ್ಟದ ಜೋಡಿ ಯಾರೂ ಅತಿಥಿಗಳಿಗೆ ಕೊಡದಂಥದ್ದು. ಮುಂಜಾನೆಯ ಚಹಾ, ಅದರಲ್ಲಿ ಮುರಿದು ಹಾಕಿದ ಖಡಕ್ ರೊಟ್ಟಿ. ಅರ್ಧ ನೆನೆದಿರಬೇಕು, ಅರ್ಧ ಕರುಂ ಅನ್ನಬೇಕು. ಚಮಚದಿಂದ ಉಂಡ ಮೇಲೆ ತಳದಲ್ಲಿ ಉಳಿದ ಜೋಳದ ಪುಡಿ ಬೆರೆತ ಚಹಾ ಕುಡಿಯಬೇಕು. ಎಷ್ಟೋ ಮಕ್ಕಳು ಇದನ್ನೇ ತಿಂದು ಶಾಲೆಗೆ ಹೋಗಿದ್ದೇವೆ.

ಈಗ ನನ್ನ ಮಗಳು ಇದರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದ್ದಾಳೆ. ಮೊನ್ನೆ ಬಿಸಿ ರೊಟ್ಟಿಗೆ ಮಯೋನೀಸ್ ಬಳಿದು, ಮೇಲೆ ಶೇಂಗಾ ಚಟ್ನಿ ಉದುರಿಸಿ, ಸುರುಳಿ ಸುತ್ತಿ ತಿನ್ನುತ್ತಿದ್ದಳು. ಬೈಯೋಣ ಅಂತ ಹತ್ತಿರ ಹೋದೆ. ಒಂದು ತುತ್ತು ಬಾಯಿಗೆ ಇಟ್ಟಳು. ಏನು ಹೇಳಲಿ, ಚೆನ್ನಾಗಿತ್ತು. ಇನ್ನೊಂದು ಮಾಡು ಅಂದೆ. ಅವ್ವನಿಗೆ ಮಾತ್ರ ಹೇಳಬೇಡ ಅಂತ ತಾಕೀತು ಮಾಡಿದ್ದೆ.

ಅವ್ವ ರೇಡಿಯೋ ಕೇಳುತ್ತಾಳೆ ಅನ್ನೋದು ಈಗ ನೆನಪಾಯಿತು.

ನಮಸ್ಕಾರ.