ಎಷ್ಟು ಸಾಲು ಬಂತು, ಎಷ್ಟು ಸಾಲು ಹೋಯಿತು: ಎಕ್ಸೆಲ್ ಕೆಲಸಕ್ಕೆ ಕಮಾಂಡ್‌ಲೈನ್ ಸ್ಕ್ರಿಪ್ಟ್

ಎಲ್ಲರಿಗೂ ನಮಸ್ಕಾರ.

2020ರ ಅಕ್ಟೋಬರ್ ಮೊದಲ ವಾರದಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಒಂದು ವಿಷಯ ಒಪ್ಪಿಕೊಂಡಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕಕ್ಕೆ ಸೇರಿಯೇ ಇರಲಿಲ್ಲ. ಸೋಂಕು ತಗುಲಿದವರಿಗೆ ಅವರವರ ಫಲಿತಾಂಶವೇನೋ ಮುಟ್ಟಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು.

ಆದದ್ದು ಇಷ್ಟು. ಲ್ಯಾಬ್‌ಗಳಿಂದ ಸಿಎಸ್‌ವಿ ಫೈಲುಗಳು (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಫೈಲುಗಳು) ಬರುತ್ತಿದ್ದವು. ಅವನ್ನು ಎಳೆದುಕೊಳ್ಳುತ್ತಿದ್ದ ಎಕ್ಸೆಲ್ ಟೆಂಪ್ಲೇಟು ಹಳೆಯ ಎಕ್ಸ್‌ಎಲ್‌ಎಸ್ ನಮೂನೆಯದು. ಆ ನಮೂನೆಯ ಒಂದು ಹಾಳೆಗೆ 65,536 ಸಾಲು ಮಾತ್ರ ಹಿಡಿಯುತ್ತದೆ. ಒಬ್ಬ ರೋಗಿಯ ವಿವರಕ್ಕೇ ಹಲವು ಸಾಲು ಬೇಕಿತ್ತು. ಹಾಗಾಗಿ ಸುಮಾರು 1,400 ಪ್ರಕರಣಕ್ಕೆಲ್ಲ ಹಾಳೆ ತುಂಬಿಹೋಗುತ್ತಿತ್ತು. ಉಳಿದದ್ದು ಸದ್ದಿಲ್ಲದೆ ಬಿದ್ದುಹೋಯಿತು. 2007ರ ಎಕ್ಸೆಲ್‌ನಿಂದ ಈಚೆಗೆ ಒಂದು ಹಾಳೆಯಲ್ಲಿ 10,48,576 ಸಾಲು ಹಿಡಿಯುತ್ತದೆ. ಅಂದರೆ ಹದಿಮೂರು ವರ್ಷ ಹಳೆಯ ಮಿತಿಗೆ ತಲೆ ತಾಗಿಸಿಕೊಂಡಿದ್ದರು.

ಈ ಕತೆ ಕೇಳಿದವರು ಸಾಮಾನ್ಯವಾಗಿ ಎಕ್ಸೆಲ್‌ಗೆ ಬೈಯುತ್ತಾರೆ. ‘ಇದನ್ನೆಲ್ಲ ಆಟೊಮೇಟ್ ಮಾಡಬೇಕಿತ್ತು’ ಅನ್ನುತ್ತಾರೆ. ಸ್ವಲ್ಪ ನಿಲ್ಲಿ. ಅಲ್ಲಿ ಯಾರೂ ಕೂತು ಕಾಪಿ-ಪೇಸ್ಟ್ ಮಾಡುತ್ತಿರಲಿಲ್ಲ. ಫೈಲ್ ಎಳೆದು ತರುವ ಕೆಲಸ ತಾನಾಗಿಯೇ ನಡೆಯುತ್ತಿತ್ತು. ಒಳಗೆ ಬಂದ ಸಾಲೆಷ್ಟು, ದಾಖಲಾದ ಸಾಲೆಷ್ಟು ಅಂತ ಹೋಲಿಸಿ, ತಾಳೆಯಾಗದಿದ್ದರೆ ಕೆಲಸ ನಿಲ್ಲಿಸುವ ಒಂದು ಎಣಿಕೆ ಅಲ್ಲಿದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಗಿರಣಿಗೆ ರಾಗಿ ಕೊಟ್ಟವರು ಹಿಟ್ಟು ತೂಗಿಸಿಕೊಳ್ಳದೆ ಮನೆಗೆ ಬರುತ್ತಾರಾ?

ಕಮಾಂಡ್‌ಲೈನ್ ಅಂದರೆ ಮೌಸ್ ಬದಲು ಆದೇಶ ಟೈಪ್ ಮಾಡಿ ಕಂಪ್ಯೂಟರಿನಿಂದ ಕೆಲಸ ಮಾಡಿಸುವುದು. ಆ ಆದೇಶಗಳನ್ನು ಸಾಲಾಗಿ ಬರೆದಿಟ್ಟ ಫೈಲೇ ಸ್ಕ್ರಿಪ್ಟ್. ಸ್ಕ್ರಿಪ್ಟ್ ಬರೆದರೆ ಸಮಯ ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಉಳಿಯುತ್ತದೆ, ನಿಜ. ನನಗೆ ಅದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು, ಸ್ಕ್ರಿಪ್ಟ್ ಬೇಸರವಿಲ್ಲದೆ ಪ್ರತಿ ಸಲವೂ ಎಣಿಸುತ್ತದೆ ಅನ್ನುವುದು. ಮೌಸ್ ಹಿಡಿದ ಕೈ ಹತ್ತನೇ ಫೈಲಿಗೆ ಎಣಿಸುವುದನ್ನು ಬಿಟ್ಟುಬಿಡುತ್ತದೆ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಸ್ವಲ್ಪ ಇತಿಹಾಸ. ಬೇಗ ಮುಗಿಸುತ್ತೇನೆ. ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನಲ್ಲಿ ಒಂದು ಪ್ರೋಗ್ರಾಮಿನ ಉತ್ತರವನ್ನು ಇನ್ನೊಂದರ ಬಾಯಿಗೆ ಹರಿಸುವ ಪೈಪ್ ಬಂದದ್ದು 1973ರಲ್ಲಿ, ಡಗ್ ಮ್ಯಾಕಿಲ್ರಾಯ್ ಅವರ ಒತ್ತಾಯದಿಂದ. ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲೇ 1977ರಲ್ಲಿ ಏಹೋ, ವೈನ್‌ಬರ್ಗರ್, ಕರ್ನಿಹಾನ್ ಸೇರಿ ಆಕ್ ಅನ್ನುವ ಪುಟ್ಟ ಭಾಷೆ ಮಾಡಿದರು. ಸಾಲು ಸಾಲಾಗಿ ಓದು, ಕಾಲಂ ಕಾಲಂ ಆಗಿ ಒಡೆ, ಹೇಳಿದ್ದು ಮಾಡು, ಅಷ್ಟೇ ಅದರ ಕೆಲಸ. ಎರಡು ವರ್ಷ ಬಿಟ್ಟು, 1979ರಲ್ಲಿ, ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆಪಲ್ ಟೂ ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ತಂದರು. ಮನೆ-ಆಫೀಸಿನ ಕಂಪ್ಯೂಟರಿಗೆ ಬಂದ ಮೊದಲ ಸ್ಪ್ರೆಡ್‌ಶೀಟ್ ಅದೇ. ಆಕ್, ಸ್ಪ್ರೆಡ್‌ಶೀಟ್ ಎರಡರದ್ದೂ ಸಾಲು-ಕಾಲಂಗಳ ಪ್ರಪಂಚವೇ. ಸ್ಪ್ರೆಡ್‌ಶೀಟ್ ನೋಡುವುದಕ್ಕೆ, ಪ್ರಯೋಗ ಮಾಡುವುದಕ್ಕೆ ಚೆನ್ನ. ಆಕ್ ಅದೇ ಕೆಲಸವನ್ನು ಸಾವಿರ ಸಲ ಮಾಡುವುದಕ್ಕೆ ಚೆನ್ನ. ಎರಡೂ ಬೇಕು.

ಈಗ ಒಂದು ಉದಾಹರಣೆ. ಒಂದು ತಾಲೂಕಿನ ರೈತರ ಸಂಘ ಅಂದುಕೊಳ್ಳಿ. 40 ಹಳ್ಳಿಗಳಿಂದ ವಾಟ್ಸಾಪ್‌ನಲ್ಲಿ 40 ಎಕ್ಸೆಲ್ ಫೈಲ್ ಬರುತ್ತವೆ. ರೈತರ ಹೆಸರು, ಹಳ್ಳಿ, ವಿಳಾಸ, ಸರ್ವೆ ನಂಬರ್, ಎಕರೆ, ಬೆಳೆ, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ. ಎಲ್ಲವನ್ನೂ ಸೇರಿಸಿ ಒಂದು ಪಟ್ಟಿ ಮಾಡಬೇಕು. ಕೈಯಲ್ಲಿ ಮಾಡಿದರೆ ಒಂದು ಮಧ್ಯಾಹ್ನ ಹೋಯಿತು. ಮುಂದಿನ ತಿಂಗಳು ಮತ್ತೆ ಅದೇ.

ಮೊದಲ ಹೆಜ್ಜೆ, ಎಕ್ಸೆಲ್ ಫೈಲನ್ನು ಸಿಎಸ್‌ವಿ ಮಾಡುವುದು. ಎಕ್ಸೆಲ್ ಫೈಲನ್ನೂ ತೆರೆಯಬಲ್ಲ ಉಚಿತ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ಹೆಡ್‌ಲೆಸ್ ಅಂತ ಒಂದು ಆಯ್ಕೆ ಇದೆ. ಕಿಟಕಿ ತೆರೆಯದೆ, ಒಂದೇ ಆದೇಶದಲ್ಲಿ ಫೋಲ್ಡರಿನ ಫೈಲನ್ನೆಲ್ಲ ಬದಲಿಸಿಕೊಡುತ್ತದೆ. ಇಲ್ಲೇ ಎರಡು ಗುಂಡಿ ಇವೆ. ಬೇರೆ ಏನೂ ಹೇಳದಿದ್ದರೆ ಅದು ಮೊದಲ ಹಾಳೆಯನ್ನು ಮಾತ್ರ ಬದಲಿಸುತ್ತದೆ. ಯಾರೋ ಗುಮಾಸ್ತರು ಎರಡನೇ ಹಾಳೆಯಲ್ಲಿ ‘ಬಿಟ್ಟುಹೋದವರು’ ಅಂತ ಇಪ್ಪತ್ತು ಹೆಸರು ಬರೆದಿದ್ದರೆ ಅವರು ಮತ್ತೆ ಬಿಟ್ಟುಹೋದರು. ಇನ್ನೊಂದು, ಲಿಬ್ರೆಆಫೀಸ್ ಆಗಲೇ ತೆರೆದಿದ್ದರೆ ಕೆಲವು ಸಲ ಆದೇಶ ಏನೂ ಮಾಡದೆ ಸುಮ್ನೆ ಮುಗಿದುಬಿಡುತ್ತದೆ. ಅದಕ್ಕೇ 40 ಫೈಲ್ ಒಳಗೆ ಹೋದ ಮೇಲೆ 40 ಸಿಎಸ್‌ವಿ ಬಂದವಾ ಅಂತ ಸ್ಕ್ರಿಪ್ಟೇ ನೋಡಬೇಕು.

ಎರಡನೆಯದು, ತಲೆಸಾಲು, ಅಂದರೆ ಕಾಲಂಗಳ ಹೆಸರಿರುವ ಮೊದಲ ಸಾಲು. ಎಲ್ಲ ಫೈಲಿನ ಮೊದಲ ಸಾಲನ್ನು ಹೆಡ್ ಆದೇಶದಿಂದ ತೆಗೆಯಿರಿ, ಕ್ರಮವಾಗಿ ಜೋಡಿಸುವ ಸಾರ್ಟ್‌ಗೆ ಕೊಡಿ, ಅಲ್ಲಿಂದ ಒಂದೇ ಥರದ ಸಾಲುಗಳನ್ನು ಒಂದಾಗಿಸುವ ಯುನೀಕ್‌ಗೆ ಕೊಟ್ಟು ಎಣಿಸಲು ಹೇಳಿ. ಒಂದೇ ಸಾಲು ಬಂದು ಪಕ್ಕದಲ್ಲಿ 40 ಅಂತಿದ್ದರೆ ನೆಮ್ಮದಿ. ಮೂರು ಸಾಲು ಬಂದು 37, 2, 1 ಅಂತ ತೋರಿಸಿದರೆ ಮೂರು ಫೈಲಿನಲ್ಲಿ ಏನೋ ಬೇರೆ ಇದೆ. ಯಾರೋ ಹಳ್ಳಿ ಮತ್ತು ಹೆಸರಿನ ಕಾಲಂ ಅದಲು ಬದಲು ಮಾಡಿದ್ದಾರೆ. ಇನ್ಯಾರೋ ‘ಖಾತೆ’ ಆದಮೇಲೆ ಒಂದು ಖಾಲಿ ಜಾಗ ಬಿಟ್ಟಿದ್ದಾರೆ. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಅಲ್ಲ. ನನ್ನ ಮಟ್ಟಿಗೆ ಇಡೀ ಕಮಾಂಡ್‌ಲೈನ್‌ನಲ್ಲಿ ದುಡ್ಡಿಗೆ ಮೋಸವಿಲ್ಲದ ಸಾಲು ಇದೇ. ಇಷ್ಟನ್ನೇ ಇವತ್ತು ಕಲಿತು ಹೋದರೂ ಸಾಕು.

ಮೂರನೆಯದು, ಸೇರಿಸುವುದು. ಪರದೆಯ ಮೇಲಿರುವ ಆಕ್ ಸಾಲನ್ನು ಬಾಯಲ್ಲಿ ಓದುತ್ತೇನೆ. ‘ಎಫ್‌ಎನ್‌ಆರ್ ಒಂದು, ಆದರೆ ಎನ್‌ಆರ್ ಒಂದಲ್ಲ ಅಂದರೆ ಮುಂದೆ ಹೋಗು. ಇಲ್ಲದಿದ್ದರೆ ಮುದ್ರಿಸು.’ ಎಫ್‌ಎನ್‌ಆರ್ ಅಂದರೆ ಈ ಫೈಲಿನಲ್ಲಿ ಎಷ್ಟನೇ ಸಾಲು. ಎನ್‌ಆರ್ ಅಂದರೆ ಶುರುವಿನಿಂದ ಒಟ್ಟಾರೆ ಎಷ್ಟನೇ ಸಾಲು. ಹಾಗಾಗಿ ಮೊದಲ ಫೈಲಿನ ತಲೆಸಾಲು ಉಳಿಯುತ್ತದೆ, ಮಿಕ್ಕ 39 ತಲೆಸಾಲು ಹೋಗುತ್ತವೆ. ಅಲ್ಲಿಗೆ ಲೆಕ್ಕವೂ ಸಿಕ್ಕಿತು: ಎಲ್ಲ ಫೈಲಿನ ಸಾಲು ಕೂಡಿಸಿ 39 ಕಳೆದರೆ ಸೇರಿಸಿದ ಫೈಲಿನ ಸಾಲಿಗೆ ಸರಿಹೋಗಬೇಕು. ಆಕ್‌ನಲ್ಲಿ ಡಾಲರ್ ಗುರುತು ಕಂಡರೆ ಹೆದರಬೇಡಿ. ಡಾಲರ್ ನಾಲ್ಕು ಅಂದರೆ ನಾಲ್ಕನೇ ಕಾಲಂ, ದುಡ್ಡಲ್ಲ.

ಸಾಲು ಎಣಿಸುವುದಕ್ಕೆ ಎಲ್ಲರೂ ಬಳಸುವುದು ಡಬ್ಲ್ಯುಸಿ ಆದೇಶ. ಅದು ನಿಜವಾಗಿ ಎಣಿಸುವುದು ಸಾಲು ಮುರಿಯುವ ಗುರುತುಗಳನ್ನು. ಫೈಲಿನ ಕೊನೆಯಲ್ಲಿ ಆ ಗುರುತು ಇಲ್ಲದಿದ್ದರೆ ಒಂದು ಕಡಿಮೆ ಹೇಳುತ್ತದೆ. ಯಾರಾದರೂ ವಿಳಾಸದ ಸೆಲ್‌ನಲ್ಲಿ ಆಲ್ಟ್-ಎಂಟರ್ ಒತ್ತಿ ಎರಡು ಸಾಲು ಬರೆದಿದ್ದರೆ ಒಂದು ಜಾಸ್ತಿ ಹೇಳುತ್ತದೆ. ಎರಡೂ ಇದ್ದರೆ? ಒಂದಕ್ಕೊಂದು ವಜಾ ಆಗಿ ಲೆಕ್ಕ ಸರಿಯಾಗಿದೆ ಅಂತ ಕಾಣುತ್ತದೆ! ಇನ್ನು ‘ಹೊಸಹಳ್ಳಿ, ಕಸಬಾ ಹೋಬಳಿ’ ಅಂತ ವಿಳಾಸದೊಳಗೇ ಅಲ್ಪವಿರಾಮ ಇದ್ದರೆ ಹಳೆಯ ಆಕ್ ಅದನ್ನು ಎರಡು ಕಾಲಂ ಅಂದುಕೊಳ್ಳುತ್ತದೆ. ಈ ತೊಂದರೆಗೆ 2023ರಲ್ಲಿ ಪರಿಹಾರ ಬಂತು. ಕರ್ನಿಹಾನ್ ಅವರ ಆಕ್‌ನಲ್ಲೂ, ಗ್ನೂ ಯೋಜನೆಯವರು ಬರೆದ ಆಕ್‌ನಲ್ಲೂ ಸಿಎಸ್‌ವಿಯನ್ನು ಸಿಎಸ್‌ವಿಯಂತೆಯೇ ಓದುವ ಆಯ್ಕೆ ಸೇರಿತು. 1977ರಲ್ಲಿ ಮಾಡಿದ ಉಪಕರಣವನ್ನು ಅದೇ ಮನುಷ್ಯ ಎಂಬತ್ತು ದಾಟಿದ ಮೇಲೆ ತಿದ್ದಿದ್ದಾರೆ. ನಿಮ್ಮಲ್ಲಿ ಹಳೆಯ ಆವೃತ್ತಿ ಇದ್ದರೆ ಸಿಎಸ್‌ವಿಗೆಂದೇ ಇರುವ ಸಿಎಸ್‌ವಿಕಿಟ್ ಅಥವಾ ಮಿಲ್ಲರ್ ಉಪಕರಣ ಹಾಕಿಕೊಳ್ಳಿ. ಮಿಲ್ಲರ್ ಕಾಲಂಗಳನ್ನು ಹೆಸರಿನಿಂದ ಗುರುತಿಸುತ್ತದೆ, ಹಾಗಾಗಿ ಅದರ ರೆಗ್ಯುಲರೈಸ್ ಆದೇಶ ಬಳಸಿದರೆ ಅದಲು ಬದಲಾದ ಕಾಲಂ ಕೂಡ ಸರಿಯಾದ ಜಾಗಕ್ಕೆ ಹೋಗುತ್ತದೆ.

ಇನ್ನು ಸ್ಪ್ರೆಡ್‌ಶೀಟ್ ನಮಗೆ ಮಾಡುವ ‘ಸಹಾಯ’ದ ಬಗ್ಗೆ. ಸರ್ವೆ ನಂಬರ್ 12/4 ಅಂತ ಟೈಪ್ ಮಾಡಿ ಎಂಟರ್ ಒತ್ತಿ ನೋಡಿ. ನಮ್ಮ ದೇಶದ ಸೆಟ್ಟಿಂಗ್ ಇದ್ದರೆ ಅದು ಏಪ್ರಿಲ್ 12 ಆಗಿಬಿಡುತ್ತದೆ. 2025ರಲ್ಲಿ ಟೈಪ್ ಮಾಡಿದ್ದರೆ ಒಳಗೆ ಕೂತಿರುವ ಸಂಖ್ಯೆ 45759. ಆಮೇಲೆ ಸೆಲ್ಲನ್ನು ಟೆಕ್ಸ್ಟ್ ಅಂತ ಬದಲಿಸಿದರೆ 12/4 ವಾಪಸ್ ಬರುವುದಿಲ್ಲ, ಈ 45759 ಬರುತ್ತದೆ. ಅದೇ 45/2 ಅಂತ ಬರೆದರೆ ಏನೂ ಆಗುವುದಿಲ್ಲ, ಯಾಕೆಂದರೆ 45ನೇ ತಾರೀಖು ಇಲ್ಲ. ಹಾಗಾಗಿ ಪಟ್ಟಿಯಲ್ಲಿ ಕೆಲವರ ಜಮೀನು ಮಾತ್ರ ಕ್ಯಾಲೆಂಡರ್ ಸೇರುತ್ತದೆ. ಮೇಲಿಂದ ನಾಲ್ಕು ಸಾಲು ನೋಡಿ ಸರಿಯಿದೆ ಅಂದುಕೊಂಡವರಿಗೆ ಗೊತ್ತೇ ಆಗುವುದಿಲ್ಲ.

ಇದು ನಮ್ಮ ಸಂಘದ ಪಾಡು ಮಾತ್ರ ಅಲ್ಲ. ಜೀನ್‌ಗಳ ಮೇಲೆ ಕೆಲಸ ಮಾಡುವ ವಿಜ್ಞಾನಿಗಳದ್ದೂ ಇದೇ ಗೋಳು. ಮಾರ್ಚ್1, ಸೆಪ್ಟ್1 ಅಂತ ಜೀನ್‌ಗಳಿಗೆ ಹೆಸರಿತ್ತು. ಎಕ್ಸೆಲ್ ಅವನ್ನೂ ತಾರೀಖು ಮಾಡುತ್ತಿತ್ತು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಜೀನ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಲಗತ್ತಿಸಿದ್ದ ಪ್ರಬಂಧಗಳ ಪೈಕಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪು ಸಿಕ್ಕಿತು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿ ಆ ಜೀನ್‌ಗಳ ಹೆಸರನ್ನೇ ಬದಲಿಸಿತು. ಸೆಪ್ಟ್1 ಹೋಗಿ ಸೆಪ್ಟಿನ್1 ಆಯಿತು. ಈ ತಾನಾಗಿ ಬದಲಿಸುವ ಚಾಳಿಯನ್ನು ನಿಲ್ಲಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ ಕೊಟ್ಟದ್ದು 2023ರಲ್ಲಿ. ನಮ್ಮ ರೈತರು ಸರ್ವೆ ನಂಬರ್ ಬದಲಿಸಿಕೊಳ್ಳಲು ಆಗುವುದಿಲ್ಲ, ಅಲ್ವಾ?

ಖಾತೆ ನಂಬರಿನ ಕತೆ ಇನ್ನೂ ಕೆಟ್ಟದು. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ನೆನಪಿಟ್ಟುಕೊಳ್ಳುತ್ತದೆ. 16 ಅಂಕಿಯ ಖಾತೆ ನಂಬರ್ ಹಾಕಿದರೆ ಕೊನೆಯದು ಸೊನ್ನೆ. ಮುಂದೆ ಸೊನ್ನೆ ಇದ್ದರೆ ಅದೂ ಹಾರಿಹೋಯಿತು. ಇಂಥವನ್ನು ಸ್ಕ್ರಿಪ್ಟ್ ಸರಿಮಾಡಲಾರದು. ಹೋದ ಅಂಕಿ ಹೋಯಿತು. ಆದರೆ ಅನುಮಾನ ಪಡಬಲ್ಲದು. ಸರ್ವೆ ನಂಬರಿನಲ್ಲಿ ತಿಂಗಳ ಹೆಸರು ಇದೆಯಾ? 16 ಅಂಕಿಯ ಖಾತೆ ಸೊನ್ನೆಯಲ್ಲಿ ಮುಗಿಯುತ್ತಾ? ಐಎಫ್‌ಎಸ್‌ಸಿ ಅಂದರೆ 11 ಅಕ್ಷರ: ಮೊದಲು ನಾಲ್ಕು ಇಂಗ್ಲಿಷ್ ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ, ಆಮೇಲೆ ಆರು. ಆ ಸೊನ್ನೆಯ ಜಾಗದಲ್ಲಿ ಜನ ‘ಓ’ ಅಕ್ಷರ ಒತ್ತುವುದು ದಿನನಿತ್ಯದ ಮಾತು. ಹೇಳಿದ ನಮೂನೆಯ ಸಾಲನ್ನು ಹುಡುಕುವ ಗ್ರೆಪ್ ಆದೇಶದ ಒಂದೇ ಸಾಲು ಅವರನ್ನೆಲ್ಲ ಹಿಡಿದು ಪಕ್ಕಕ್ಕೆ ನಿಲ್ಲಿಸುತ್ತದೆ. (ಆಧಾರ್ ನಂಬರ್ ಯಾಕೆ ಹೇಳಲಿಲ್ಲ ಅಂದರೆ, ವಾಟ್ಸಾಪ್‌ನಲ್ಲಿ ಓಡಾಡುವ ಹಾಳೆಯಲ್ಲಿ ಅದು ಇರಲೇಬಾರದು.)

ಕನ್ನಡದಲ್ಲಿ ಹೆಸರು ಬರೆದಿದ್ದರೆ ನಮ್ಮದೇ ಕೆಲವು ವಿಶೇಷ ತೊಂದರೆಗಳಿವೆ. ಇವನ್ನು ಇಂಗ್ಲಿಷ್ ಪಾಠಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ.

‘ಮಂಡ್ಯ’ ತೆಗೆದುಕೊಳ್ಳಿ. ಓದುವವರಿಗೆ ಎರಡು ಅಕ್ಷರ. ಎಲ್ಲ ಭಾಷೆಯ ಲಿಪಿಗೂ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಐದು: ಮ, ಸೊನ್ನೆ, ಡ, ಅರ್ಧಾಕ್ಷರದ ಗುರುತು, ಯ. ಅದನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 15. ‘ಹೆಸರು 20 ಅಕ್ಷರ ಮೀರಬಾರದು’ ಅಂತ ಯಾರಾದರೂ ಬೈಟ್ ಎಣಿಸಿ ಕತ್ತರಿಸಿದರೆ ನಮ್ಮ ಹೆಸರುಗಳಿಗೆ ಆರು ಚಿಲ್ಲರೆ ಗುರುತು ಸಿಗುತ್ತದೆ. ಕೊನೆಯದು ಒಡೆದು ಚೌಕ ಆಗುತ್ತದೆ.

‘ರಾಜ್‌ಕುಮಾರ್’ ಅಂತ ಬರೆಯುವಾಗ ಜ್ ಮತ್ತು ಕು ಒತ್ತಾಗಿ ಅಂಟಿಕೊಳ್ಳದಿರಲಿ ಅಂತ ನಡುವೆ ಕಾಣದ ಗುರುತೊಂದನ್ನು ಹಾಕುತ್ತೇವೆ. ಕೆಲವು ಕೀಬೋರ್ಡ್‌ಗಳು ಕೊನೆಯ ‘ರ್’ ಆದಮೇಲೂ ಅದನ್ನೇ ಸೇರಿಸುತ್ತವೆ. ಒಂದು ಪಟ್ಟಿಯಲ್ಲಿ ಆ ಗುರುತು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಎರಡು ಪಟ್ಟಿ ಹೊಂದಿಸಲು ಎಕ್ಸೆಲ್‌ನಲ್ಲಿ ವಿ-ಲುಕಪ್ ಮಾಡಿದರೂ ಕಮಾಂಡ್‌ಲೈನ್‌ನಲ್ಲಿ ಜಾಯಿನ್ ಮಾಡಿದರೂ ಅದೇ ಮನುಷ್ಯ ಸಿಗುವುದಿಲ್ಲ. ‘ಕೊ’ ಕೂಡ ಹಾಗೆಯೇ. ಸ್ವರಚಿಹ್ನೆಯನ್ನು ಇಡಿಯಾಗಿಯೂ ಕೂರಿಸಬಹುದು, ಎರಡು ತುಂಡಾಗಿಯೂ ಕೂರಿಸಬಹುದು. ಪರದೆಯಲ್ಲಿ ತಲೆಕೂದಲಷ್ಟೂ ವ್ಯತ್ಯಾಸವಿಲ್ಲ. ಹಾಗಾಗಿ ಹೋಲಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಹೆಜ್ಜೆ ಇರಲೇಬೇಕು. ಯುನಿಕೋಡ್ ಕೆಲಸಕ್ಕೆಂದೇ ಇರುವ ಐಸಿಯು ತಂತ್ರಾಂಶದ ಜೊತೆ ಬರುವ ಯುಕಾನ್ವ್ ಆದೇಶ ಈ ಕೆಲಸ ಮಾಡುತ್ತದೆ, ಪೈಥಾನ್ ಭಾಷೆಯಲ್ಲಾದರೆ ಎರಡು ಸಾಲು ಸಾಕು. ಹೋಲಿಕೆಗೆ ಬೇರೆ ಕಾಲಂ ಮಾಡಿ, ಅದರಲ್ಲಿ ಮಾತ್ರ ಕಾಣದ ಗುರುತು ತೆಗೆಯಿರಿ. ಬರೆದ ಹೆಸರನ್ನು ಮುಟ್ಟಬೇಡಿ.

ವಿಂಡೋಸ್ ಬಳಸುವವರು ಇಲ್ಲಿ ಜಾಸ್ತಿ ಇದ್ದೀರಿ. ವಿಂಡೋಸ್‌ನ ಕಮಾಂಡ್‌ಲೈನ್ ಆದ ಪವರ್‌ಶೆಲ್‌ನಲ್ಲಿ ಇಂಪೋರ್ಟ್-ಸಿಎಸ್‌ವಿ, ಎಕ್ಸ್‌ಪೋರ್ಟ್-ಸಿಎಸ್‌ವಿ ಮೊದಲೇ ಇವೆ, ಏನೂ ಹಾಕಿಕೊಳ್ಳಬೇಕಿಲ್ಲ. ಆದರೆ ವಿಂಡೋಸ್ ಜೊತೆ ಬರುವ 5.1 ಆವೃತ್ತಿಯಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಪದ್ಧತಿ) ಹೇಳದೆ ಎಕ್ಸ್‌ಪೋರ್ಟ್ ಮಾಡಿದರೆ ಅದು ಇಂಗ್ಲಿಷ್ ಅಕ್ಷರಗಳು ಮಾತ್ರ ಇರುವ ಆಸ್ಕಿಯಲ್ಲಿ ಬರೆಯುತ್ತದೆ. ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ಗಮನಿಸಿ, ಇಲ್ಲಿ ಸಾಲಿನ ಎಣಿಕೆ ಸರಿಯಾಗಿಯೇ ಇರುತ್ತದೆ! ಹಾಗಾಗಿ ಎಣಿಕೆಯ ಜೊತೆಗೆ ಇನ್ನೆರಡು ಕಾವಲು ಇಡಿ. ಒಂದು, ಎಕರೆ ಅಥವಾ ಮೊತ್ತದ ಕಾಲಂ ಕೂಡಿಸಿ ಮೊದಲೂ ಕೊನೆಗೂ ತಾಳೆ ನೋಡುವುದು. ಇನ್ನೊಂದು, ಹೆಸರಿನ ಕಾಲಂನಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಅಲ್ಲೇ ನಿಲ್ಲಿಸುವುದು.

ಇಷ್ಟಾದ ಮೇಲೆ ಸಂಘದ ಅಧ್ಯಕ್ಷರಿಗೆ ಬೇಕಾಗಿರುವುದು ಎಕ್ಸೆಲ್ ಫೈಲೇ, ಸಿಎಸ್‌ವಿ ಅಲ್ಲ. ಕೊಡೋಣ. ಎಕ್ಸೆಲ್ ಫೈಲ್ ಬರೆಯುವ ಪೈಥಾನ್ ಲೈಬ್ರರಿ ಓಪನ್‌ಪೈಎಕ್ಸ್‌ಎಲ್ ಬಳಸಿ, ಖಾತೆ ಮತ್ತು ಸರ್ವೆ ನಂಬರ್ ಕಾಲಂಗಳನ್ನು ಟೆಕ್ಸ್ಟ್ ಆಗಿಯೇ ಬರೆಯಿಸಿ. ಅದು ಸೂತ್ರವನ್ನು ಬರೆಯುತ್ತದೆ, ಲೆಕ್ಕ ಹಾಕುವುದಿಲ್ಲ. ಲೆಕ್ಕ ಆಗುವುದು ಫೈಲನ್ನು ಎಕ್ಸೆಲ್‌ನಲ್ಲೋ ಲಿಬ್ರೆಆಫೀಸ್‌ನಲ್ಲೋ ತೆರೆದಾಗ. ಅದಕ್ಕೇ ಒಟ್ಟು ಮೊತ್ತವನ್ನು ಸ್ಕ್ರಿಪ್ಟೇ ಕೂಡಿ ಸಂಖ್ಯೆಯಾಗಿ ಬರೆಯುವುದು ವಾಸಿ.

ಕಾವಲಿನಲ್ಲಿ ಸಿಕ್ಕಿಬಿದ್ದ ಸಾಲುಗಳನ್ನು ಎಸೆಯಬೇಡಿ, ಊಹೆ ಮೇಲೆ ತಿದ್ದಲೂ ಬೇಡಿ. ಬೇರೆ ಫೈಲಿಗೆ ಹಾಕಿ, ಪಕ್ಕದಲ್ಲಿ ಕಾರಣ ಬರೆಯಿಸಿ: ‘ಸರ್ವೆ ನಂಬರ್ ತಾರೀಖಾಗಿದೆ’, ‘ಐಎಫ್‌ಎಸ್‌ಸಿ ಐದನೇ ಅಕ್ಷರ ನೋಡಿ’. ಯಾವ ಹಳ್ಳಿಯ ಫೈಲು ಅನ್ನುವುದೂ ಇರಲಿ. ಆ ಹಾಳೆ ಅದೇ ಸಂಜೆ ಆ ಹಳ್ಳಿಯ ಗುಮಾಸ್ತರಿಗೆ ಹೋಗಲಿ. ಒಪ್ಪಿಕೊಂಡ ಸಾಲು, ವಾಪಸ್ ಕಳಿಸಿದ ಸಾಲು ಎರಡೂ ಕೂಡಿದರೆ ಬಂದ ಸಾಲಿಗೆ ಸಮ ಆಗಬೇಕು. ಮೂಲ ಫೈಲುಗಳನ್ನು ಬೇರೆ ಫೋಲ್ಡರಿನಲ್ಲಿ ಇಟ್ಟು, ಸ್ಕ್ರಿಪ್ಟ್‌ಗೆ ಅಲ್ಲಿ ಬರೆಯುವ ಅನುಮತಿಯನ್ನೇ ಕೊಡಬೇಡಿ.

ಎಲ್ಲದಕ್ಕೂ ಸ್ಕ್ರಿಪ್ಟ್ ಬೇಕಾ? ಬೇಡ. ಮಗಳ ಮದುವೆಗೆ ಕರೆಯುವವರ ಪಟ್ಟಿಗೆ ಆಕ್ ಬರೆಯುತ್ತಾ ಕೂರಬೇಡಿ. ಒಂದೇ ಸಲ ಮಾಡುವ ಕೆಲಸ, ಕಣ್ಣಲ್ಲೇ ಹಿಡಿಸುವಷ್ಟು ಸಾಲು ಅಂದರೆ ಎಕ್ಸೆಲ್ಲೇ ಸರಿ. ಅದೇ ಕೆಲಸ ಮುಂದಿನ ತಿಂಗಳು ಮತ್ತೆ ಬರುತ್ತದೆ, ಅದರ ಮೇಲೆ ಯಾರದೋ ದುಡ್ಡು ನಿಂತಿದೆ ಅಂದಾಗ ಬರೆಯಿರಿ.

ಈಗ ಲ್ಯಾಪ್‌ಟಾಪ್ ತಂದವರು ಟರ್ಮಿನಲ್, ಅಂದರೆ ಆದೇಶ ಟೈಪ್ ಮಾಡುವ ಕಿಟಕಿ, ತೆರೆಯಿರಿ. ಹಂಚಿರುವ ಫೋಲ್ಡರಿನಲ್ಲಿ ಆರು ಫೈಲ್ ಇವೆ, ಹೆಸರುಗಳೆಲ್ಲ ಕಾಲ್ಪನಿಕ. ಮೊದಲು ತಲೆಸಾಲು ಎಣಿಸಿ. ಆರೂ ಒಂದೇ ಅಂತ ಬಂದವರು ಕೈ ಎತ್ತಿ, ಯಾಕೆಂದರೆ ಅದರಲ್ಲಿ ಒಂದು ಬೇಕಂತಲೇ ಕೆಡಿಸಿಟ್ಟಿದ್ದೇನೆ.