ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳಿದವರ ಜೊತೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕುಡಿತದ ಚಟಕ್ಕೆ ಚಿಕಿತ್ಸೆ ಮುಗಿಸಿ ಒಬ್ಬರು ಕೆಲಸಕ್ಕೆ ಮರಳಿದ್ದಾರೆ ಅಂದುಕೊಳ್ಳಿ. ಗೇಟಿನ ಹತ್ತಿರವೇ ಯಾರೋ ಕೇಳುತ್ತಾರೆ, "ಏನಪ್ಪಾ, ಇಷ್ಟು ದಿನ ಪತ್ತೇನೇ ಇಲ್ಲ?" ಇದಕ್ಕೆ ಏನು ಹೇಳಬೇಕು ಅನ್ನೋದನ್ನು ಮ್ಯಾನೇಜರ್ ಮೊದಲೇ ಅವರ ಜೊತೆ ಮಾತಾಡಿಟ್ಟುಕೊಂಡಿದ್ದರೆ ಎಷ್ಟು ಹಗುರ, ಅಲ್ವಾ? "ಹುಷಾರಿರಲಿಲ್ಲ, ರಜೆ ಹಾಕಿದ್ದೆ." ಅಷ್ಟು ಸಾಕು. ಅದು ಸುಳ್ಳೂ ಅಲ್ಲ. ಮದ್ಯದ ಚಟ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೇ ಇದೆ. ಬೇರೆ ಕಾಯಿಲೆಗಳಂತೆಯೇ ಇದನ್ನೂ ನೋಡಿ, ವಿಷಯ ಗುಟ್ಟಾಗಿಡಿ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ ಮಾಲೀಕರಿಗೆ ಹೇಳಿದೆ.

ಕುಡಿತ ನಿಂತ ಮಾತ್ರಕ್ಕೆ ಮೈ ಸರಿಹೋಗುವುದಿಲ್ಲ. ಎಷ್ಟೋ ಮಂದಿಗೆ ತಿಂಗಳುಗಟ್ಟಲೆ ನಿದ್ದೆ ಸರಿಯಾಗಿ ಬರುವುದಿಲ್ಲ, ಗಮನ ಒಂದು ಕಡೆ ನಿಲ್ಲುವುದಿಲ್ಲ. ಅಂಥವರನ್ನು ಬಂದ ವಾರವೇ ರಾತ್ರಿ ಪಾಳಿಗೆ ಹಾಕಬೇಡಿ. ಆಪ್ತಸಮಾಲೋಚನೆಗೆ ಹೋಗುವ ದಿನ ಒಂದು ಗಂಟೆ ಬೇಗ ಬಿಡಿ. ಉಪದೇಶ ಮಾತ್ರ ಬೇಡ, ಮನೆಯಲ್ಲಿ ಅದು ಬೇಕಾದಷ್ಟು ಆಗಿರುತ್ತದೆ.

ಇನ್ನು ಆಫೀಸ್ ಪಾರ್ಟಿ. "ಒಂದೇ ಪೆಗ್, ಏನಾಗಲ್ಲ ಬಾ" ಅನ್ನುವವರು ಎಲ್ಲಾ ಕಡೆ ಇರುತ್ತಾರೆ. ಆದರೆ ಕೆಲವರಿಗೆ ವೈದ್ಯರು ಕುಡಿತದಿಂದ ದೂರ ಇರಲೆಂದು ಡೈಸಲ್ಫಿರಾಮ್ ಅನ್ನೋ ಮಾತ್ರೆ ಕೊಟ್ಟಿರುತ್ತಾರೆ. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಕೆಲವೊಮ್ಮೆ ಆಸ್ಪತ್ರೆಗೇ ಓಡಬೇಕಾಗುತ್ತದೆ. ಮದ್ಯವಿಲ್ಲದ ಪಾರ್ಟಿ ಮಾಡಿದರೆ ಯಾರಿಗೂ ನಷ್ಟವಿಲ್ಲ ಬಿಡಿ.

ಮಾಲೀಕರು ಜಾಸ್ತಿ ಎಡವುವುದು ಇನ್ನೂ ಕುಡಿಯುತ್ತಿರುವವರನ್ನು ಗದರಿಸುವಾಗ. "ನಾಳೆಯಿಂದ ಒಂದು ಹನಿ ಮುಟ್ಟಿದರೂ ಕೆಲಸ ಇಲ್ಲ!" ವರ್ಷಗಟ್ಟಲೆ ವಿಪರೀತ ಕುಡಿದವರು ವೈದ್ಯರ ನೆರವಿಲ್ಲದೆ ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ಗಡುವು ಕೊಡುವುದಾದರೆ ವೈದ್ಯರನ್ನು ಕಾಣುವುದಕ್ಕೆ ಕೊಡಿ.

ಬಿಟ್ಟವರು ಮತ್ತೆ ಕುಡಿದರೆ? ಹಾಗಾಗುವುದುಂಟು. ಚಿಕಿತ್ಸೆ ಪಡೆದ 100 ಮಂದಿಯಲ್ಲಿ 40ರಿಂದ 60 ಮಂದಿ ಚಟಕ್ಕೆ ಮರಳುತ್ತಾರೆ ಎಂದು ಅಮೆರಿಕದ ರಾಷ್ಟ್ರೀಯ ಮಾದಕವ್ಯಸನ ಸಂಸ್ಥೆ ಹೇಳುತ್ತದೆ. ಬಿಪಿ, ಆಸ್ತಮಾ ಮರುಕಳಿಸುವ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ. ಹಾಗಂತ ಕುಡಿದು ಬಂದವರನ್ನು ಮೆಷಿನ್ ಮುಂದೆ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಕೆಲಸದಿಂದ ಪಕ್ಕಕ್ಕೆ ಕರೆಯಿರಿ. ಗಾಡಿ ಕೀ ತೆಗೆದಿಟ್ಟುಕೊಳ್ಳಿ. ಯಾರಾದರೂ ಜೊತೆಗೆ ಹೋಗಿ ಮನೆ ತಲುಪಿಸಲಿ. ಮಾತುಕತೆ ಮರುದಿನ, ಅವರ ತಲೆ ತಿಳಿಯಾದ ಮೇಲೆ, ಬಾಗಿಲು ಹಾಕಿಕೊಂಡು ನಡೆಯಲಿ.

ನಮಸ್ಕಾರ.