ಆರದ ಅನಿಲ

ಕೇಳುಗರಿಗೆ ನಮಸ್ಕಾರ. ಬಳ್ಳಾರಿಯ ಕೋಟೆ ಗುಡ್ಡದ ಬುಡದಲ್ಲಿ ಮನೆ ಮಾಡಿಕೊಂಡವರಿಗೆ ಏಪ್ರಿಲ್ ತಿಂಗಳ ರಾತ್ರಿಯ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಹೊತ್ತು ಮುಳುಗಿ ಮೂರು ತಾಸಾದರೂ ಬಂಡೆಯ ಮೇಲೆ ಅಂಗೈ ಇಟ್ಟರೆ ಚುರುಕ್ಕೆನ್ನುತ್ತದೆ. ಕೋಳಿ ಕೂಗುವ ಹೊತ್ತಿಗೆ ಅದೇ ಬಂಡೆ ಆರಿರುತ್ತದೆ. ಕಾವನ್ನು ಚೆಲ್ಲುತ್ತಿರುವ ಯಾವ ವಸ್ತುವೂ ಹೊಸ ಕಾವು ಸಿಗದಿದ್ದರೆ ಆರಲೇಬೇಕು. ಆರಬೇಕಾಗಿದ್ದೂ ಆರದೆ ಉಳಿದ ಒಂದು ವಸ್ತುವನ್ನು ಕುರಿತು ಇಂದಿನ ಮಾತು.

ನೂರಾರು, ಸಾವಿರಾರು ಗ್ಯಾಲಕ್ಸಿಗಳು ಗುರುತ್ವದಿಂದ ಕೂಡಿಕೊಂಡ ಗುಚ್ಛಗಳಲ್ಲಿ, ಅವುಗಳ ನಡುವಣ ಜಾಗವನ್ನೆಲ್ಲ ಕೋಟಿಗಟ್ಟಲೆ ಡಿಗ್ರಿ ಕಾವಿನ ವಿರಳ ಅನಿಲ ತುಂಬಿಕೊಂಡಿದೆ. ಅದರ ದ್ರವ್ಯರಾಶಿ ಅಲ್ಲಿನ ನಕ್ಷತ್ರಗಳದ್ದಕ್ಕಿಂತ ಹಲವು ಪಟ್ಟು ಹೆಚ್ಚು. ಎಕ್ಸ್-ಕಿರಣಗಳನ್ನು ಸೂಸುತ್ತ ಶಕ್ತಿ ಕಳೆದುಕೊಳ್ಳುವ ಈ ಅನಿಲ, ಹಲವು ಗುಚ್ಛಗಳ ನಡುಭಾಗದಲ್ಲಿ ನೂರು ಕೋಟಿ ವರ್ಷಗಳೊಳಗೇ ತಣಿದು, ವರ್ಷಕ್ಕೆ ನೂರಾರು ಸೂರ್ಯರಷ್ಟು ಕೇಂದ್ರಕ್ಕೆ ಜಾರಿ ನಕ್ಷತ್ರಗಳಾಗಬೇಕಿತ್ತು. ಆದರೆ ಬಾಹ್ಯಾಕಾಶದಲ್ಲಿದ್ದು ಎಕ್ಸ್-ಕಿರಣಗಳನ್ನು ನೋಡುವ ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕವು 2001ರ ಹೊತ್ತಿಗೆ ಕೊಟ್ಟ ರೋಹಿತಗಳಲ್ಲಿ, ಅಂದರೆ ಆ ಕಿರಣಗಳನ್ನು ಅಲೆಯುದ್ದದಂತೆ ಬಿಡಿಸಿಟ್ಟ ಪಟ್ಟಿಗಳಲ್ಲಿ, ಅಷ್ಟೊಂದು ತಣಿದ ಅನಿಲ ಕಾಣಲೇ ಇಲ್ಲ.

ಹಾಗಾದರೆ ಒಲೆ ಎಲ್ಲಿದೆ? ಗುಚ್ಛದ ನಡುವಿನ ದೈತ್ಯ ಗ್ಯಾಲಕ್ಸಿಯ ಒಡಲಲ್ಲಿರುವ ಕಪ್ಪುಕುಳಿಯಲ್ಲಿ. ಆರಿದ ಅನಿಲ ಅದರತ್ತ ಬೀಳತೊಡಗಿದಾಗ, ಬೆಳಕಿನ ವೇಗಕ್ಕೆ ಹತ್ತಿರದ ಎರಡು ಚಿಲುಮೆಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಚಿಮ್ಮಿ, ಬಿಸಿ ಅನಿಲವನ್ನು ಒತ್ತರಿಸಿ ಭಾರಿ ಗುಳ್ಳೆಗಳನ್ನು ಊದುತ್ತವೆ. ಜೋಳದ ಅಂಬಲಿ ಕುದಿಯುವಾಗ ತಳದಿಂದೆದ್ದ ಗುಳ್ಳೆ ಸುತ್ತಲಿನದನ್ನು ಕಲಕುತ್ತಲೇ ಮೇಲೇರುವುದಿಲ್ಲವೇ, ಹಾಗೆಯೇ. ಆದರೆ ಈ ಗುಳ್ಳೆಗಳ ಅಗಲ ಹತ್ತಾರು ಸಾವಿರ ಬೆಳಕಿನ ವರ್ಷಗಳು. ಅನಿಲ ಕಾದಂತೆ ಕುಳಿಗೆ ಬೀಳುವುದು ಕಡಿಮೆಯಾಗಿ ಅದರ ಅಬ್ಬರ ತಗ್ಗುತ್ತದೆ, ಆರಿದಾಗ ಮತ್ತೆ ಏಳುತ್ತದೆ. ಸೌದೆ ತಳ್ಳುವ ಕೈಯೂ ಹಿಂದಕ್ಕೆಳೆಯುವ ಕೈಯೂ ಅಂಬಲಿಯದೇ ಎನ್ನಬೇಕು.

ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಹೊತ್ತ ಚಂದ್ರಾ ದೂರದರ್ಶಕವು, ಸುಮಾರು 24 ಕೋಟಿ ಬೆಳಕಿನ ವರ್ಷ ದೂರದ ಪರ್ಸಿಯಸ್ ಗುಚ್ಛದಲ್ಲಿ, ಈ ಗುಳ್ಳೆಗಳ ಸುತ್ತ ಕೆರೆಯ ಅಲೆಗಳಂತೆ ಹರಡಿದ ಬಳೆಬಳೆಯಾದ ತರಂಗಗಳನ್ನು ತೋರಿಸಿತು. 2003ರಲ್ಲಿ ಪ್ರಕಟವಾದ ವಿವರಣೆಯಂತೆ ಅವು ಶಬ್ದದ ಅಲೆಗಳು. ಒಂದು ಅಲೆಗೂ ಮುಂದಿನದಕ್ಕೂ ನಡುವೆ ಸುಮಾರು ಒಂದು ಕೋಟಿ ವರ್ಷ. ಕಾವು ಹರಡುವುದು ಹೆಚ್ಚಾಗಿ ಈ ಅಲೆಗಳಿಂದಲೋ, ಕಲಕಾಟದಿಂದಲೋ, ಗುಳ್ಳೆಯ ಸರಕು ಬೆರೆಯುವುದರಿಂದಲೋ ಎಂಬ ಚರ್ಚೆ ಇನ್ನೂ ನಡೆದಿದೆ. 2016ರಲ್ಲಿ ಜಪಾನಿನ ಹಿಟೊಮಿ ಉಪಗ್ರಹ ಅಳೆದಂತೆ, ಅಲ್ಲಿನ ಅನಿಲದ ಕಲಕಾಟದ ವೇಗ ಸೆಕೆಂಡಿಗೆ ಸುಮಾರು 160 ಕಿಲೋಮೀಟರ್. ಆ ಅನಿಲದಲ್ಲಿ ಶಬ್ದ ಸಾಗುವ ವೇಗಕ್ಕಿಂತ ಇದು ಬಹಳ ಕಡಿಮೆ. ಆದ್ದರಿಂದ ಪತ್ರಿಕೆಗಳು ಬಳಸುವ ಸ್ಫೋಟ ಎಂಬ ಮಾತು ಇಲ್ಲಿಗೆ ಒಗ್ಗುವುದಿಲ್ಲವೆಂದೇ ನನಗೆ ತೋರುತ್ತದೆ; ಇದು ಹದವಾದ ಉರಿ.

ಗ್ಯಾಲಕ್ಸಿಗಳ ಸಣ್ಣ ಗುಂಪುಗಳಲ್ಲಿ ಮಾತ್ರ ಗುರುತ್ವದ ಹಿಡಿತ ಸಡಿಲ. ಅಲ್ಲಿ ಉರಿ ಕೊಂಚ ಜೋರಾದರೂ ಪಾತ್ರೆ ತಡೆಯದೆ ಅನಿಲ ಉಕ್ಕಿ, ಒಂದಿಷ್ಟು ಹೊರಕ್ಕೇ ಚೆಲ್ಲಿಹೋಗುತ್ತದೆ.